ಹರಾಜಿನಲ್ಲಿ ‘ಏಳು’ ಎಂದವರು

ತಮಿಳುನಾಡಿನ ಪೆನ್ನಾಗರಂನಲ್ಲಿ ಬಾಡಿಗೆಗೆ ಒಂದು ಕೋಣೆ ಕೇಳಿಕೊಂಡು ಹೋದ ದಿನ ಅತ್ತೆ ನನ್ನನ್ನು ಜಗುಲಿಯ ಮೇಲೆ ಕೂರಿಸಿ, ಒಂದು ಚೊಂಬು ನೀರು ಕೊಟ್ಟು, ತಾವೂ ಎದುರಿಗೆ ಕೂತು ಆಡಿದ ಮೊದಲ ಮಾತು, ‘‘ಏಳಮ್ಮಣಿ, ಏಳು.’’

ನಾನು ದಡಕ್ಕನೆ ಎದ್ದು ನಿಂತೆ.

‘‘ಯಾಕ್ ಎದ್ದೆ? ಕೂತ್ಕೊಂಡು ಏಳು.’’

ಕೂತುಕೊಂಡು ಏಳುವುದು ಹೇಗಪ್ಪಾ ಎಂದು ನಾನು ಅರ್ಧ ಕೂತು ಅರ್ಧ ನಿಂತು ಒದ್ದಾಡುತ್ತಿದ್ದಾಗ ಅವರ ಗಂಡ ಒಳಗಿನಿಂದ ಇಣುಕಿ, ‘‘ಬಂದ ವಿಷ್ಯ ಏನೂಂತ ಕೇಳ್ತಾವ್ಳೆ’’ ಎಂದರು. ಆಗ ಬುದ್ಧಿಗೆ ಹೊಳೆಯಿತು. ನಾನು ಹೊಸೂರಿನ ಕನ್ನಡ ಶಾಲೆಯಲ್ಲಿ ಓದಿದವಳು. ನಮ್ಮ ಮೇಷ್ಟರು ಹಕಾರ ತಪ್ಪಿದರೆ ಬೆತ್ತ ತೋರಿಸುತ್ತಿದ್ದರು. ಈ ಮನೆಯಲ್ಲಿ ಹಕಾರಕ್ಕೆ ಹೊಸಿಲು ದಾಟಲು ಬಿಟ್ಟವರೇ ಇಲ್ಲ. ಹೇಳು ಎನ್ನುವುದೂ ಏಳು, ಮೇಲೆ ಎದ್ದೇಳು ಎನ್ನುವುದೂ ಏಳು, ಆರಾದ ಮೇಲೆ ಬರುವುದೂ ಏಳು. ಯಾವ ಏಳು ಎಂಬುದನ್ನು ಮುಖ ನೋಡಿ ತಿಳಿದುಕೊಳ್ಳಬೇಕು. ಮುಂದೊಂದು ದಿನ ಇದೇ ಮಾತಿನ ದೆಸೆಯಿಂದ ಅತ್ತೆ ಒಂದು ಇಡೀ ಕಾರನ್ನೇ ಕೊಂಡುಬಿಟ್ಟರು. ಅದನ್ನು ಹೇಳಲಿಕ್ಕೇ ಈಗ ಕೂತಿದ್ದೇನೆ.

ಸಂಬಂಧದಲ್ಲಿ ಆಕೆ ನನಗೆ ಏನೂ ಅಲ್ಲ. ನಾನು ಅಲ್ಲಿನ ಒಂದು ಖಾಸಗಿ ಶಾಲೆಯ ಟೀಚರು, ಅವರ ಮನೆಯ ಬಾಡಿಗೆದಾರಳು. ಬೀದಿಯ ಚಿಕ್ಕವರೆಲ್ಲ ಅತ್ತೆ ಎನ್ನುತ್ತಿದ್ದರು, ನಾನೂ ಎಂದೆ. ಹಾಗಾಗಿ ಅವರ ಗಂಡ ಮಾವ ಆದರು. ಅತ್ತೆ ಹೋದ ತಿಂಗಳು ತೀರಿಕೊಂಡರು. ಶೆಡ್ಡಿನಲ್ಲಿ ಒಂದು ಕಾರಿನ ಬಾನೆಟ್ ಎತ್ತಿ ನಿಂತಿದ್ದವರು, ಯಾಕೋ ಸುಸ್ತು ಎಂದು ಸ್ಟೂಲಿನ ಮೇಲೆ ಕೂತರಂತೆ, ಅಷ್ಟೆ. ಹೊಸೂರಿಗೆ ವಾಪಸಾಗಿದ್ದ ನಾನು ಹೋಗಿ ಹೊಟ್ಟೆ ತುಂಬ ಅತ್ತು ಬಂದೆ. ಆದರೆ ಆಕೆಯ ವಿಚಾರ ಬರೆಯಲು ಕೂತರೆ ಅಳು ಬರುವುದಿಲ್ಲ, ಈಗಲೇ ಎದ್ದು ಸೇಲಂ ಬಸ್ಸು ಹತ್ತಬೇಕು ಅನ್ನಿಸುತ್ತದೆ. ಆಕೆಯ ಜೊತೆ ಇದ್ದ ಶನಿವಾರಗಳೆಲ್ಲ ಹಾಗೇ ಇದ್ದವು.

ಆಕೆಯ ಕಸುಬು ಇಷ್ಟು: ಅಪಘಾತದಲ್ಲಿ ಜಜ್ಜಿಹೋಗಿ, ರಿಪೇರಿ ಮಾಡಿಸಿದರೆ ಗಿಟ್ಟುವುದಿಲ್ಲ ಎಂದು ವಿಮೆಯವರು ಕೈಬಿಟ್ಟ ಕಾರುಗಳನ್ನು ಹರಾಜಿನಲ್ಲಿ ಹಿಡಿಯುವುದು, ಊರೂರು ಅಲೆದು ಬಿಡಿಭಾಗ ತರುವುದು, ಟಿಂಕರ್ ಕೆಲಸ ಮಾಡಿಸಿ ಎಬ್ಬಿಸಿ ಮಾರುವುದು. ನೋಡಲು ಎತ್ತರದ ಆಳು, ಮೂಗಿನ ಎರಡೂ ಕಡೆ ಮೂಗುತಿ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ಅಂಗಿಯ ಜೇಬಿನಲ್ಲಿ ಸ್ಪ್ಯಾನರು, ತಲೆಯಲ್ಲಿ ಮಲ್ಲಿಗೆ. ಕಾರಿನ ಅಡಿಗೆ ತೂರುವಾಗ ಮಲ್ಲಿಗೆಯನ್ನು ತೆಗೆದು ನನ್ನ ಮುಡಿಗೆ ಸಿಕ್ಕಿಸಿ, ಹೊರಗೆ ಬಂದ ಮೇಲೆ ವಾಪಸು ಇಸಿದುಕೊಳ್ಳುತ್ತಿದ್ದರು. ಒಮ್ಮೆಯೂ ಮರೆತವರಲ್ಲ.

ಈ ಕಸುಬು ಹಿಡಿದದ್ದು ಮಾವನ ವ್ಯಾನಿನಿಂದ. ಮಾವ ಲೋಡು ವ್ಯಾನ್ ಓಡಿಸುತ್ತಿದ್ದವರು. ತೊಪ್ಪೂರು ಘಾಟಿಯ ಇಳಿಜಾರಿನಲ್ಲಿ ಒಂದು ದಿನ ಬ್ರೇಕ್ ಹಿಡಿಯದೆ ವ್ಯಾನು ಮಗುಚಿತು. ಮಾವನಿಗೆ ಹುಬ್ಬಿನ ಮೇಲೆ ಒಂದು ಗಾಯ, ಅಷ್ಟೆ. ವ್ಯಾನು ಮಾತ್ರ ಅಪ್ಪಚ್ಚಿ. ವಿಮೆಯವರು ಅದನ್ನು ಹರಾಜಿಗೆ ಇಟ್ಟರೆಂದು ಕೇಳಿ ಅತ್ತೆ ಕೊರಳಿನದನ್ನು ಬಿಚ್ಚಿ ಅಡವಿಟ್ಟು ಸೇಲಂಗೆ ಹೋಗಿ, ತಮ್ಮದೇ ವ್ಯಾನನ್ನು ತಾವೇ ಕೂಗಿ ಕೊಂಡು ತಂದರು. ‘‘ನಮ್ ಕುರಿ ಬೇರೆಯೋರ ಅಟ್ಟಿಗೆ ಯಾಕ್ ಓಗ್ಬೇಕು?’’ ಎಂದರಂತೆ. ಅವರ ತವರು ಮೇಚೇರಿ, ಕುರಿ ಸಾಕುವವರ ಮನೆ. ಮಾತು ಎಲ್ಲಿಂದ ಹೊರಟರೂ ಕುರಿಯ ಹತ್ತಿರ ಬಂದು ನಿಲ್ಲುತ್ತಿತ್ತು.

ವ್ಯಾನು ಎದ್ದು ನಿಂತಿತು. ಮಾವ ಏಳಲಿಲ್ಲ. ಸ್ಟೀರಿಂಗ್ ಮುಟ್ಟುವುದಿರಲಿ, ಬಸ್ಸಿನಲ್ಲೂ ಮುಂದಿನ ಸೀಟಿಗೆ ಹೋಗುತ್ತಿರಲಿಲ್ಲ, ಹಿಂದೆ ಹೋಗಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಮೊದಲೇ ಮಾತು ಕಮ್ಮಿ, ಆಮೇಲೆ ಇನ್ನೂ ಕಮ್ಮಿ. ಅತ್ತೆ ವ್ಯಾನನ್ನು ಮಾರಿ, ತಾವು ಡ್ರೈವಿಂಗ್ ಕಲಿತು, ಮುಂದಿನ ಹರಾಜಿಗೆ ಹೋದರು. ಒಂದು ದಿನ ಬಂಪರಿನ ಮಣ್ಣು ಕೆರೆಯುತ್ತಾ ನನ್ನ ಹತ್ತಿರ ಹೇಳಿದರು: ‘‘ಕಾರು ಮಾರಿ ಏನ್ ಕಟ್ಕೊಂಡ್ ಓಗ್ತೀನಿ ನಾನು? ಅದೇ ಗಾಟೀಲಿ ಆ ಮನುಷ್ಯ ಓಡ್ಸ್ಬೇಕು, ನಾನ್ ಪಕ್ಕದಾಗ ಕಾಲ್ ಮೇಲ್ ಕಾಲ್ ಆಕ್ಕೊಂಡು ಕೂತಿರ್ಬೇಕು. ಅದ್ ಆದ್ರೆ ಪೋದುಂ.’’ ಸಾಕು ಎನ್ನುವುದಕ್ಕೆ ಅವರು ಯಾವಾಗಲೂ ತಮಿಳಿನ ‘ಪೋದುಂ’ ಎನ್ನುತ್ತಿದ್ದರು. ಮುಗಿದ ಪ್ರತಿ ಕಾರಿನ ಕೀಲಿಯನ್ನೂ ಮೊದಲು ಮಾವನ ಮುಂದೆ ಹಿಡಿಯುತ್ತಿದ್ದರು. ಮಾವ ಅದನ್ನು ತೆಗೆದುಕೊಂಡು, ಬಟ್ಟೆಯಲ್ಲಿ ಒರೆಸಿ, ವಾಪಸು ಕೊಡುತ್ತಿದ್ದರು.

ಶನಿವಾರ ಶಾಲೆ ಬಿಟ್ಟರೆ ನಾನು ಅತ್ತೆಯ ಬಾಲ. ಸೇಲಂ ಹೊರಗಿನ ಆ ಯಾರ್ಡು ಹೊಕ್ಕಾಗ ಆಗುತ್ತಿದ್ದ ಸಂಭ್ರಮ ಯಾವ ಮದುವೆಮನೆಯಲ್ಲೂ ಆಗಿಲ್ಲ ನನಗೆ. ಮೂತಿ ಒಡೆದವು, ಬಾಗಿಲು ಕಿತ್ತವು, ಗಾಜೆಲ್ಲ ಉದುರಿದವು, ಸಾಲುಸಾಲು! ಗಂಡಸರೆಲ್ಲ ಕಾರಿನ ಮುಂದೆ ನಿಂತು ಏಟು ಎಷ್ಟು ಬಿದ್ದಿದೆ ಎಂದು ಚರ್ಚಿಸಿದರೆ ಅತ್ತೆ ಹಿಂದಿನಿಂದ ಬರುವರು. ‘‘ಮೂತಿ ನೋಡಿ ಕುರಿ ತಕ್ಕೊಂಡೋನು ಕೆಟ್ಟ. ಬೆನ್ನು ಮುಟ್ಟಿ ನೋಡ್ಬೇಕು’’ ಎಂದು ನೆಲಕ್ಕೆ ಮೊಣಕಾಲೂರಿ ಕಾರಿನ ಅಡಿಗೆ ಕೈ ತೂರಿಸಿ ಚಾಸಿಯನ್ನು ಉದ್ದಕ್ಕೂ ಸವರುವರು. ಬೆನ್ನು ನೆಟ್ಟಗಿದ್ದರೆ ಎದ್ದು ಬಂದು, ಮುಖ ಗಂಟು ಹಾಕಿಕೊಂಡು, ‘‘ಚೀ, ಓಲ್ಡು ಸಾಮಾನು’’ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಸೆರಗಿನ ಮರೆಯಲ್ಲಿ ನನ್ನ ರಟ್ಟೆಯನ್ನು ಚಿವುಟುವರು. ಆ ಚಿವುಟಿಗೆ ಅರ್ಥ: ಇದು ನಮ್ಮದು, ಬಾಯಿ ಮುಚ್ಕೊಂಡಿರು! ಖುಷಿ ಜಾಸ್ತಿಯಾದಷ್ಟೂ ಚಿವುಟೂ ಜೋರು. ನನ್ನ ಎಡರಟ್ಟೆ ವಾರವೆಲ್ಲ ನೀಲಿಗಟ್ಟಿರುತ್ತಿತ್ತು.

ಬೆನ್ನು ನೆಟ್ಟಗಿದ್ದರೂ ಅವರು ಮುಟ್ಟದ ಒಂದು ಜಾತಿ ಇತ್ತು, ಮಳೆನೀರಲ್ಲಿ ಮುಳುಗಿದ ಕಾರು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡುವರು. ನೀರು ಒಳಗೆ ನಿಂತಿದ್ದರೆ ಬೆಲ್ಟಿನ ಒಳತುದಿಯಲ್ಲಿ ಕೆಸರಿನ ಗೆರೆ ಕೂತಿರುತ್ತದೆ, ಎಷ್ಟು ತೊಳೆದರೂ ಅಲ್ಲಿಗೆ ಯಾರ ಕೈಯೂ ಹೋಗಿರುವುದಿಲ್ಲ. ಗೆರೆ ಕಂಡರೆ ಅತ್ತೆ ಆ ಕಾರಿನ ನೆರಳಿಗೂ ನಿಲ್ಲುತ್ತಿರಲಿಲ್ಲ.

ಯಾರ್ಡಿಗೆ ಮಾವ ಬರುತ್ತಿರಲಿಲ್ಲ. ಜಜ್ಜಿದ ಗಾಡಿಗಳ ಸಾಲು ನೋಡಿದ ದಿನ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಆದರೆ ಬಿಡಿಭಾಗ ಹುಡುಕುವುದರಲ್ಲಿ ಮಾವ ಎತ್ತಿದ ಕೈ. ಬಾಗಿಲು ಬೇಕೆಂದರೆ ಯಾವುದೋ ಗುಜರಿಯಿಂದ ಅದೇ ಬಣ್ಣದ ಬಾಗಿಲು ಹಿಡಿದು, ಬಸ್ಸಿನ ಕೊನೆಯ ಸೀಟಿನಲ್ಲಿ ಅದನ್ನು ತಬ್ಬಿಕೊಂಡು ಕಣ್ಣು ಮುಚ್ಚಿ ಕೂತು ಬರುವರು. ‘‘ಕದವುಕ್ಕುಂ ಟಿಕೆಟ್ ಎಡುಂಗ ಪೆರಿಯವರೇ’’, ಬಾಗಿಲಿಗೂ ಟಿಕೆಟ್ ತೆಗೀರಿ ಹಿರಿಯರೇ, ಎಂದು ಕಂಡಕ್ಟರ್ ರೇಗಿಸಿದರೆ ನಿಜವಾಗಿಯೂ ಟಿಕೆಟ್ ತೆಗೆಯುವರು. ದೊಡ್ಡ ಸಾಮಾನಾದರೆ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದರು. ಆಗಿನ ಚೆಂದ ನೋಡಬೇಕು! ಮೇಚೇರಿ ಸಂತೆಯಲ್ಲಿ ಕುರಿಯ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೈಗಳ ಮೇಲೆ ಟವಲು ಮುಚ್ಚಿ ಒಳಗೆ ಬೆರಳು ಒತ್ತಿ ಹೇಳುತ್ತಾರೆ. ಅತ್ತೆ ಅಪ್ಪನ ಪಕ್ಕ ನಿಂತು ಕಲಿತ ವಿದ್ಯೆ ಅದು. ಗುಜರಿಯವನ ಎದುರು ಗಂಡಹೆಂಡಿರು ಒತ್ತಾಗಿ ನಿಲ್ಲುವರು, ಮಾವನ ಹೆಗಲ ಟವಲು ಇಬ್ಬರ ಕೈ ಮೇಲೆ ಜಾರುವುದು. ಒಳಗೆ ಅತ್ತೆಯ ಬೆರಳು ಒತ್ತುವುದು, ಹೊರಗೆ ಮಾವನ ಬಾಯಿ ಬೆಲೆ ಹೇಳುವುದು. ಇಡೀ ದಿನದಲ್ಲಿ ಮಾವ ಅಷ್ಟು ಮಾತಾಡುತ್ತಿದ್ದದ್ದು ಆಗ ಮಾತ್ರ.

ಆ ಶನಿವಾರ ಯಾರ್ಡಿನಲ್ಲಿ ಒಂದು ಕೆಂಪು ಕಾರು ಬಂದಿತ್ತು. ಅದರ ಬೆನ್ನು ಸವರಿ ಎದ್ದ ಅತ್ತೆ ನನ್ನ ರಟ್ಟೆಯನ್ನು ಚಿವುಟಿದ ಚಿವುಟಿಗೆ ಕಣ್ಣಲ್ಲಿ ನೀರು ಬಂತು. ಅದಕ್ಕೆ ಮುಂಚಿನ ಸರದಿ ಒಂದು ಬಿಳಿ ಕಾರಿನದು. ಬೆಲ್ಟಿನಲ್ಲಿ ದಪ್ಪ ಕೆಸರಿನ ಗೆರೆ, ಒಳಗೆ ಹಳೇ ಬಾವಿಯ ವಾಸನೆ. ಅತ್ತೆ ಅದರ ಕಡೆ ಬೆನ್ನು ಹಾಕಿ ನಿಂತರು. ಹರಾಜು ಕೂಗುವವನು ಬಿಳಿ ಕಾರನ್ನು ಎತ್ತಿಕೊಂಡಿದ್ದ. ‘‘ಒಣ್ಣು ಆರು... ಒಣ್ಣು ಆರು...’’ ಎನ್ನುತ್ತಿದ್ದ, ಎಂದರೆ ಒಂದು ಲಕ್ಷ ಅರವತ್ತು ಸಾವಿರ. ಮುಂದಕ್ಕೆ ಯಾರೂ ಏರುತ್ತಿರಲಿಲ್ಲ.

ಅಷ್ಟರಲ್ಲಿ ಅತ್ತೆಯ ಫೋನು ಹೊಡೆದುಕೊಂಡಿತು. ಮಾವ. ಮಾವ ಫೋನು ಮಾಡಿದರೆ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಉಸಿರಾಡುವರು, ಅದು ಅವರ ಪದ್ಧತಿ. ಕೆಂಪು ಕಾರಿನ ಸರದಿ ಇನ್ನೇನು ಬಂತು ಎಂಬ ಆತುರದಲ್ಲಿದ್ದ ಅತ್ತೆ, ಸದ್ದು ಮಾಡಬೇಡಿ ಎಂದು ಅಕ್ಕಪಕ್ಕದವರಿಗೆ ಒಂದು ಕೈ ಮೇಲೆತ್ತಿ, ಗುಡ್ಡದಾಚೆಯ ಕುರಿಯನ್ನು ಕೂಗುವ ಗಂಟಲಲ್ಲಿ ಫೋನಿಗೆ ಕಿರುಚಿದರು:

‘‘ಏಳು! ಏಳೂ ಅಂತೀನಲ್ಲ!’’

‘‘ಒಣ್ಣು ಏಳು!’’ ಎಂದ ಕೂಗುವವನು, ಸಂತೋಷದಿಂದ ಅತ್ತೆಯ ಕಡೆ ಕೈ ತೋರಿಸುತ್ತಾ. ‘‘ಅಮ್ಮಾ ಒಣ್ಣು ಏಳು! ಒರು ತರಂ... ರೆಂಡು ತರಂ...’’

ತಮಿಳಿನಲ್ಲೂ ಏಳು ಏಳೇ ಅಲ್ಲವೇ! ನಾನು ಅತ್ತೆಯ ಅಂಗಿ ಹಿಡಿದು ಎಳೆದೆ. ಅತ್ತೆ ತಿರುಗುವಷ್ಟರಲ್ಲಿ ಮೂರನೇ ಸಲದ ಕೂಗೂ ಮುಗಿದಿತ್ತು.

‘‘ಅಯ್ಯೋ ಸಾರ್! ಎಂಗ ಬಾಷೈಲ ‘ಏಳು’ನ್ನಾ ‘ಸೊಲ್ಲು’ನ್ನು ಅರ್ಥಂ! ಫೋನ್‌ಲ ಪೇಸಿಟ್ಟಿರುಂದೇನ್!’’ ಫೋನಿನಲ್ಲಿ ಮಾತಾಡುತ್ತಿದ್ದೆ, ನಮ್ಮ ಭಾಷೆಯಲ್ಲಿ ಹೇಳು ಎಂದದ್ದು ಎಂದು ಅತ್ತೆ ಗೋಗರೆದರು. ‘‘ಕೈಯುಂ ತೂಕ್ಕಿನೀಂಗಳೇ ಅಮ್ಮಾ’’ ಎಂದ ಅವನು. ಕೈಯನ್ನೂ ಎತ್ತಿದಿರಲ್ಲ! ಯಾರ್ಡಿಗೆ ಯಾರ್ಡೇ ನಕ್ಕಿತು. ಹಿಂದೆ ಸರಿದರೆ ಕಟ್ಟಿದ ಮುಂಗಡ ಹೋಗುತ್ತದೆ, ಮುಂದೆ ಆ ಯಾರ್ಡಿನ ಬಾಗಿಲೂ ಮುಚ್ಚುತ್ತದೆ. ಬಿಳಿ ಕಾರು ಅತ್ತೆಯ ಕೊರಳಿಗೆ ಬಿತ್ತು. ಇದ್ದ ದುಡ್ಡು ಅದಕ್ಕೇ ಹೋಗಿ, ಕೆಂಪು ಕಾರು ಕಣ್ಣೆದುರೇ ಇನ್ನೊಬ್ಬರ ಪಾಲಾಯಿತು. ಅತ್ತೆ ಕೈಯಲ್ಲೇ ಇದ್ದ ಫೋನನ್ನು ಕಿವಿಗಿಟ್ಟುಕೊಂಡು, ‘‘ಈಗ್ಲಾದ್ರೂ ಏಳು ಮಾರಾಯ, ಯಾಕ್ ಮಾಡ್ದೆ?’’ ಎಂದರು.

ಮಾವ ಕೇಳಿದರು: ‘‘ಊಟ ಆಯ್ತಾ?’’

ವಾಪಸು ಬರುವ ಬಸ್ಸಿನಲ್ಲಿ ಅತ್ತೆ ಓಮಲೂರಿನವರೆಗೆ ಬೆರಳಲ್ಲಿ ನಷ್ಟದ ಲೆಕ್ಕ ಹಾಕಿದರು. ಆಮೇಲೆ ಇದ್ದಕ್ಕಿದ್ದಂತೆ ನಗಲು ಶುರು ಮಾಡಿದರು. ‘‘ಎಂತಾ ಗಂಡ ಪಾರು! ಊಟ ಆಯ್ತಾ ಅಂತ ಕೇಳಾಕೆ ಒಂದ್ ಕಾರೇ ವಾಂಗಿ ಕೊಟ್ಟ!’’ ಎಂಥಾ ಗಂಡ ನೋಡು, ಕಾರನ್ನೇ ಕೊಡಿಸಿಬಿಟ್ಟ ಎಂದು ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡರು, ನಾನೂ ನಕ್ಕೆ. ಮಾವ ಮಾತ್ರ ನಗಲಿಲ್ಲ. ತನ್ನಿಂದ ಹೀಗಾಯಿತಲ್ಲ ಎಂದು ಅವರ ಮನಸ್ಸಿಗೆ ನಾಟಿಬಿಟ್ಟಿತ್ತು. ಮಾರನೆಯ ದಿನ ಕಾರು ಬಂದಾಗ ಒಳಗಿನ ಕಾರ್ಪೆಟ್ ಕಿತ್ತು ಕೆಸರು ಬಾಚಲು ಮೊದಲು ಇಳಿದವರು ಮಾವನೇ.

ಅಂಥ ಬೇಸಿಗೆಯನ್ನು ನಾನು ಮತ್ತೆ ಕಂಡಿಲ್ಲ. ಸೀಟುಗಳೆಲ್ಲ ಅಂಗಳದ ಬಿಸಿಲಿಗೆ ಬಂದವು. ಒಂದು ಸೀಟನ್ನು ಪಕ್ಕದ ಮನೆಯ ಕೋಳಿ ತನ್ನದು ಮಾಡಿಕೊಂಡು ಮೊಟ್ಟೆಯಿಟ್ಟಿತು. ವೈರುಗಳನ್ನೆಲ್ಲ ಬಿಚ್ಚಿ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಹಾಕಿದ್ದರು. ನಾನು ಶಾಲೆಯಿಂದ ಬಂದವಳು ಅದರ ಕೆಳಗೆ ತಲೆ ಬಗ್ಗಿಸಿಕೊಂಡು ನನ್ನ ಕೋಣೆಗೆ ಹೋಗಬೇಕಿತ್ತು. ಎಂಜಿನ್ ತೊಳೆದಾಯಿತು, ಎಣ್ಣೆ ಬದಲಾಯಿತು. ಆದರೂ ಕಾರು ಮಿಸುಕಲಿಲ್ಲ, ಅದರ ಕಂಪ್ಯೂಟರ್ ಪೆಟ್ಟಿಗೆ ನೀರು ಕುಡಿದು ಸತ್ತಿತ್ತು. ಹೊಸದನ್ನು ಕೊಳ್ಳುವುದು ಆಗದ ಮಾತು. ಅದೇ ಮಾದರಿಯ, ಅದೇ ನಂಬರಿನ ಹಳೆಯ ಪೆಟ್ಟಿಗೆಯೇ ಸಿಗಬೇಕು. ಮಾವ ಸೇಲಂ ಜಾಲಾಡಿದರು, ಕೊಯಮತ್ತೂರಿಗೆ ಹೋದರು, ಬೆಂಗಳೂರಿಗೆ ಹೋದರು. ಬರಿಗೈಯಲ್ಲಿ ಬಂದರೂ ಅವರ ಕಣ್ಣಲ್ಲಿ ಏನೋ ಹೊಳೆಯುತ್ತಿತ್ತು. ಅನ್ನ ಕಲಸುತ್ತಾ ತಾವಾಗಿಯೇ, ‘‘ಅಲ್ಲೊಬ್ಬ ಸಾಯಬರು ಇದ್ರು, ಮುಂದಿನ್ ವಾರ ಬಾ ಅಂದವ್ರೆ’’ ಎನ್ನುವರು. ಅತ್ತೆ ಮೇಜಿನ ಕೆಳಗೆ ನನ್ನನ್ನು ಚಿವುಟುವರು.

ಕಡೆಗೆ ಮಾವ ಚೆನ್ನೈನ ಪುದುಪೇಟೆಯ ಗುಜರಿ ಬೀದಿಗೆ ಹೋದರು. ಒಂದು ಮಧ್ಯಾಹ್ನ ಅತ್ತೆಯ ಫೋನು ಹೊಡೆದುಕೊಂಡಿತು. ಅತ್ತೆ ಎತ್ತಿ, ಉಸಿರಾಟ ಮುಗಿಯಲಿ ಎಂದು ಕಾಯಲು ತಯಾರಾಗಿ, ‘‘ಏ—’’ ಎನ್ನುವಷ್ಟರಲ್ಲಿ ಆಚೆಯಿಂದ ಕೂಗು ನನಗೂ ಕೇಳಿತು. ‘‘ಸಿಕ್ತು ಲೇ! ಸಿಕ್ಬಿಡ್ತು! ನಂಬರು ಅದೇ ಐತೆ, ನಾನೇ ಮೂರ್ ಕಿತ ನೋಡ್ದೆ!’’ ಅತ್ತೆ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು, ‘‘ಗ್ರೀಸು’’ ಎಂದರು.

ಪೆಟ್ಟಿಗೆ ಕೂರಿಸಿದ ದಿನ ಬೀದಿಯೆಲ್ಲ ಅಂಗಳದಲ್ಲಿತ್ತು. ಅತ್ತೆ ಸ್ಟೀರಿಂಗಿಗೆ ಒಂದು ಹೂ ಸಿಕ್ಕಿಸಿ, ‘‘ಏಳವ್ವಾ, ಎದ್ದೇಳು ತಾಯಿ’’ ಎಂದು ಕೀಲಿ ತಿರುಗಿಸಿದರು. ಒಮ್ಮೆ ಕೆಮ್ಮಿತು, ನಿಂತಿತು. ಮತ್ತೆ ತಿರುಗಿಸಿದರು. ಗುರ್ರೆಂದು ಎದ್ದಿತು ನೋಡಿ! ನಾನು ಕುಣಿದುಬಿಟ್ಟೆ, ಟೀಚರು ಎನ್ನುವುದನ್ನೂ ಮರೆತು. ಕಾರಿಗೆ ‘ಏಳು’ ಎಂದೇ ಹೆಸರಾಯಿತು.

ಮೇಚೇರಿಯ ಒಬ್ಬ ಕುರಿ ವ್ಯಾಪಾರಿ ಅದನ್ನು ಕೇಳಿದ. ನೀರು ಕುಡಿದ ಕಾರು ಎಂದು ಅತ್ತೆ ಮೊದಲೇ ಹೇಳಿ, ಬೆಲ್ಟು ಎಳೆದು ಗೆರೆ ತೋರಿಸಿಯೇ ಮಾತು ಮುಗಿಸಿದ್ದರು. ಕಾರನ್ನು ಅಲ್ಲಿಗೆ ಮುಟ್ಟಿಸಬೇಕಾದ ಬೆಳಿಗ್ಗೆ ಅತ್ತೆ ಕುಂಟುತ್ತಾ ಹೊರಗೆ ಬಂದರು. ಬಲಗಾಲಿಗೆ ದಪ್ಪ ಬಟ್ಟೆ ಸುತ್ತಿತ್ತು.

‘‘ಕಾಲು ಉಳುಕ್ಬುಟ್ಟೈತೆ. ಬ್ರೇಕ್ ತುಳಿಯಾಕೆ ಆಗಲ್ಲ. ಟೀಚರಮ್ಮಂಗೆ ಓಡ್ಸಾಕೆ ಬರಲ್ಲ.’’

ನನಗೆ ಚೆನ್ನಾಗಿ ಬರುತ್ತಿತ್ತು, ಕಲಿಸಿದವರೇ ಅತ್ತೆ! ಬಾಯಿ ತೆರೆದೆ. ರಟ್ಟೆಗೆ ಚಿವುಟು ಬಿತ್ತು. ಬಾಯಿ ಮುಚ್ಚಿದೆ.

ಮಾವ ಜಗುಲಿಯ ಮೇಲೆ ಕೂತಿದ್ದರು. ಅತ್ತೆ ಕುಂಟಿಕೊಂಡು ಹೋಗಿ ಕೀಲಿಯನ್ನು ಅವರ ಮುಂದೆ ಹಿಡಿದು, ‘‘ಏಳು’’ ಎಂದರು.

ಮಾವ ಕೀಲಿಯನ್ನು ನೋಡಿದರು, ನೆಲ ನೋಡಿದರು. ‘‘ಏನ್ ಏಳ್ಲಿ?’’

‘‘ಬಾಯಾಗ ಏಳ್ಬೇಡ. ಮೇಲಕ್ ಏಳು.’’

ಬಹಳ ಹೊತ್ತಾಯಿತು. ಮಾವ ಮೊಣಕಾಲಿಗೆ ಕೈ ಊರಿ ಎದ್ದರು.

ಧರ್ಮಪುರಿಯವರೆಗೆ ಎತ್ತಿನಗಾಡಿಯೂ ನಮ್ಮನ್ನು ಹಿಂದೆ ಹಾಕುವಂತಿತ್ತು. ಹಿಂದಿನ ಸೀಟಿನಲ್ಲಿ ನಾನು ಕಾಣದ ಬ್ರೇಕನ್ನು ತುಳಿಯುತ್ತಿದ್ದೆ. ಘಾಟಿಯ ಇಳಿಜಾರು ಶುರುವಾಗುವಲ್ಲಿ ಮಾವನ ಕತ್ತು ಬೆವರಿತು. ಎದುರಿಗೆ ಲಾರಿ, ಹಿಂದೆ ಲಾರಿ, ನಿಲ್ಲುವ ಹಾಗಿಲ್ಲ. ಆಗ ಅತ್ತೆ ಮಾವನ ಹೆಗಲ ಟವಲನ್ನು ಎಳೆದು ಗೇರಿನ ಮೇಲಿದ್ದ ಅವರ ಕೈ ಮೇಲೆ ಹಾಕಿ, ತಮ್ಮ ಕೈಯನ್ನೂ ಅದರೊಳಗೆ ತೂರಿಸಿದರು. ಒಳಗೆ ಬೆರಳು ಒತ್ತಿದರು. ಮಾವ ಮೂರನೇ ಗೇರಿಗೆ ಇಳಿಸಿದರು. ತಿರುವು ಬಂತು, ಮತ್ತೆ ಬೆರಳು, ಎರಡನೇ ಗೇರು. ವ್ಯಾನು ಮಗುಚಿದ ತಿರುವು ನನಗೆ ಗೊತ್ತಿತ್ತು, ಅತ್ತೆ ಎಷ್ಟೋ ಸಲ ಬಸ್ಸಿನಿಂದ ತೋರಿಸಿದ್ದರು. ಅದು ಎದುರಿಗೆ ಬಂದಾಗ ಟವಲಿನ ಕೆಳಗೆ ಅತ್ತೆಯ ಕೈ ಅಲುಗುವ ಮೊದಲೇ ಮಾವನ ಕೈ ಅಲುಗಿತು, ಗೇರು ಬಿತ್ತು, ಕಾರು ಮೈ ಬಳುಕಿಸಿ ತಿರುವು ದಾಟಿತು. ಅತ್ತೆ ಮೆಲ್ಲಗೆ ಕೈ ಹೊರಗೆ ತೆಗೆದು, ಸೀಟಿಗೆ ಒರಗಿ, ಬಟ್ಟೆ ಸುತ್ತಿದ ಕಾಲನ್ನು ಎತ್ತಿ ಇನ್ನೊಂದು ಕಾಲಿನ ಮೇಲೆ ಹಾಕಿಕೊಂಡರು.

ನಾನು ಕೂಗಿದ್ದು ತೊಪ್ಪೂರಿನ ಚಹಾ ಅಂಗಡಿಯವರಿಗೂ ಕೇಳಿರಬೇಕು.

ಮೇಚೇರಿಯಲ್ಲಿ ಇಳಿದ ಅತ್ತೆ ದಡದಡ ನಡೆದು ಹೋದರು. ಮಾವ ಅವರ ಕಾಲನ್ನೇ ನೋಡುತ್ತಾ, ‘‘ಕಾಲು?’’ ಎಂದರು. ‘‘ಯಾವ್ ಕಾಲು?’’ ಎಂದರು ಅತ್ತೆ. ವ್ಯಾಪಾರಿ ಕೀಲಿಗೆ ಕೈ ಚಾಚಿದ. ಮಾವ ಎಂದಿನಂತೆ ಅದನ್ನು ಬಟ್ಟೆಯಲ್ಲಿ ಒರೆಸಿದರು, ಆಮೇಲೆ ತಮ್ಮ ಜೇಬಿಗೆ ಹಾಕಿಕೊಂಡರು. ‘‘ಇದು ಕೊಡಾಕಿಲ್ಲ. ಬೇರೆ ಕಟ್ಟಿ ಕೊಡ್ತೀವಿ.’’ ಅವನು ಬೈದ, ಅತ್ತೆ ಗಂಡನ ಮೇಲೆ ಹುಸಿಮುನಿಸು ತೋರಿದರು, ನಾವು ಅವನ ಮನೆಯಲ್ಲೇ ಊಟ ಮಾಡಿಕೊಂಡು ಅದೇ ಘಾಟಿ ಹತ್ತಿ ವಾಪಸು ಬಂದೆವು.

ಅತ್ತೆಯ ಕಾರ್ಯವೆಲ್ಲ ಮುಗಿದ ಮೇಲೆ, ಮೊನ್ನೆ ಭಾನುವಾರ, ಹೊಸೂರಿನ ನಮ್ಮ ಮನೆಯ ಮುಂದೆ ಆ ಬಿಳಿ ಕಾರು ನಿಂತಿತು. ಮಾವ ಒಬ್ಬರೇ ಓಡಿಸಿಕೊಂಡು ಬಂದಿದ್ದರು. ಬಂದವರು ಜಗುಲಿಯ ಮೇಲೆ ಕೂತರು. ಟವಲನ್ನು ತೊಡೆಯ ಮೇಲೆ ಹರಡಿ, ಅದರ ಕೆಳಗೆ ಎರಡೂ ಕೈ ಇಟ್ಟುಕೊಂಡರು. ನೀರು ಕೊಟ್ಟೆ, ಮುಟ್ಟಲಿಲ್ಲ. ಅವರ ಉಸಿರಾಟವೊಂದೇ ಕೇಳುತ್ತಿತ್ತು. ನಾನು ಎದುರಿಗೆ ಕೂತು ಕಾದೆ, ಎಷ್ಟು ಹೊತ್ತೆಂದು ಕಾಯಲಿ?

‘‘ಏಳಿ ಮಾವಾ’’ ಎಂದೆ. ಹೇಳಿ ಎಂದೆನೋ, ಎದ್ದೇಳಿ ಎಂದೆನೋ, ನನಗೇ ತಿಳಿಯಲಿಲ್ಲ.

ಮಾವ ಎರಡನ್ನೂ ಮಾಡಿದರು. ‘‘ಸೇಲಂ ಯಾರ್ಡಿಗೆ ಓಗಿದ್ದೆ’’ ಎಂದರು. ಜಜ್ಜಿದ ಗಾಡಿಗಳ ಸಾಲು ಕಂಡರೆ ಅನ್ನ ಬಿಡುತ್ತಿದ್ದ ಮನುಷ್ಯ! ‘‘ಒಂದು ಅಸಿರು ಕಾರು ಬಂದೈತೆ. ಮೂತಿ ಪೂರಾ ಓಗೈತೆ. ಅವ್ಳು ಮಾಡ್ದಂಗೇ ಬಗ್ಗಿ ಕೈ ಆಕಿ ನೋಡ್ದೆ ಅಮ್ಮಣಿ.’’ ಅವರು ಎದ್ದು ನಿಂತರು. ಟವಲು ಹೆಗಲಿಗೇರಿತು. ‘‘ಬೆನ್ನು ನೆಟ್ಟಗೈತೆ.’’

ನಾನು ಹತ್ತಿರ ಹೋಗಿ ಅವರ ರಟ್ಟೆಯನ್ನು ಬಲವಾಗಿ ಚಿವುಟಿದೆ.